ಚಕ್ರದ ಪುಟ

ವಿಮಾನ ರಿಪೇರಿಯ ಹ್ಯಾಂಗರಿನಲ್ಲಿ ಅವಳಿಗೆ ಸ್ಪ್ಯಾನರಕ್ಕ ಎಂದೇ ಹೆಸರು. ವಿಮಾನದ ಚಕ್ರ ಬಿಚ್ಚಿ ಕಟ್ಟುವುದರಲ್ಲಿ ಎತ್ತಿದ ಕೈ. ಆದರೆ ಲೈಸೆನ್ಸ್ ಇಲ್ಲದ ಕೈಗೆ ಬೆಲೆ ಎಲ್ಲಿದೆ? ಲೈಸೆನ್ಸ್ ಬೇಕೆಂದರೆ ಕೆಲಸದ ಪುಸ್ತಕದ ಪುಟಪುಟಕ್ಕೂ ಲೈಸೆನ್ಸ್ ಪಡೆದ ಎಂಜಿನಿಯರ್ ಸಹಿ ಬೀಳಬೇಕು. ಅವಳ ಪುಸ್ತಕದಲ್ಲಿ ಎಲ್ಲವೂ ತುಂಬಿ, ಚಕ್ರದ ಪುಟವೊಂದು ಎರಡು ವರ್ಷದಿಂದ ಖಾಲಿ ಉಳಿದಿತ್ತು. ಸಹಿ ಹಾಕಬೇಕಾದವರು ಬೇರೆ ಯಾರೋ ಆಗಿದ್ದರೆ ಜಗಳವಾದರೂ ಆಡಬಹುದಿತ್ತು. ಅವರು ಸ್ವಂತ ಅಕ್ಕನ ಗಂಡ.

ಮನೆಯಲ್ಲಿ ಭಾವ, ಹ್ಯಾಂಗರಿನಲ್ಲಿ ಸಾರ್. ಕೆಲಸ ಕೊಡಿಸಿದವರೂ ಅವರೇ, ಇರಲು ಕೋಣೆ ಕೊಟ್ಟವರೂ ಅವರೇ. ಅದನ್ನು ಅಕ್ಕ ಎರಡು ಹೊತ್ತೂ ನೆನಪಿಸುತ್ತಿದ್ದಳು.

ಮೂರೇ ವರ್ಷದಲ್ಲಿ ಕಂಪನಿಯ ವಿಮಾನಗಳು ಹನ್ನೆರಡು ಹೋಗಿ ಅರವತ್ತಾಗಿದ್ದವು. ಸಹಿ ಹಾಕಬಲ್ಲ ಎಂಜಿನಿಯರುಗಳು ಒಂಬತ್ತು ಹೋಗಿ ಏಳಾಗಿದ್ದರು. ಲೈಸೆನ್ಸ್ ಕೈಗೆ ಬಂದವರನ್ನು ಎದುರು ಕಂಪನಿ ಮರುದಿನವೇ ಹಾರಿಸಿಕೊಂಡು ಹೋಗುತ್ತಿತ್ತು. ಊರವರನ್ನೆಲ್ಲ ಹಾರಿಸುವ ಕಂಪನಿಗೆ ತನ್ನವರು ಹಾರಿಹೋದಾರೆಂಬ ಭಯ! ಕೊನೆಯ ಸಹಿಯನ್ನು ಯಾರಿಗೂ ಹಾಕಬೇಡಿ ಎಂದು ಮೇಲಿನವರು ಬಾಯಿಮಾತಿನಲ್ಲೇ ಹೇಳಿಬಿಟ್ಟಿದ್ದರು. ಭಾವ ಅದನ್ನು ವೇದವಾಕ್ಯದಂತೆ ಪಾಲಿಸಿದರು. "ಮುಂದಿನ ತಿಂಗಳು ನೋಡೋಣ ಕಣಮ್ಮ" ಎಂದೇ ಎರಡು ವರ್ಷ ತಳ್ಳಿದರು.

ಅವಳ ವಾರದ ರಜೆಯ ದಿನ. ಬಟ್ಟೆ ಒಗೆಯುತ್ತಿದ್ದಾಗ, ಮಕ್ಕಳ ಸ್ಕೂಲಿಗೆ ಹೋಗಿದ್ದ ಅಕ್ಕನ ಫೋನ್ ಬಂತು.

"ಪುಸ್ತಕ ತಗೊಂಡು ಈಗಲೇ ಹ್ಯಾಂಗರಿಗೆ ಓಡು. ನಿಮ್ಮ ಭಾವ ಸಹಿ ಹಾಕ್ತಾರಂತೆ. ಅವರ ಮನಸ್ಸು ಬದಲಾಗೋದ್ರೊಳಗೆ ಹೋಗು."

ಒದ್ದೆ ಕೈಯಲ್ಲೇ ಸ್ಕೂಟರ್ ಹತ್ತಿದಳು.

ಭಾವ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಕುಳಿತಿದ್ದರು. ಮೇಜಿನ ಮೇಲೆ ಒಂದು ಕೆಲಸದ ಹಾಳೆ. ಇಂಥ ಹಾಳೆಗೆ ಎರಡು ಸಹಿ ಬೇಕು: ಕೆಲಸ ಮಾಡಿದವರದು ಒಂದು, ಅದನ್ನು ನೋಡಿ ಒಪ್ಪಿದವರದು ಇನ್ನೊಂದು. ಇಬ್ಬರೂ ಬೇರೆ ಬೇರೆಯಾಗಿರಬೇಕು ಎನ್ನುತ್ತದೆ ಕಾನೂನು. ಜನ ಸಾಲದ ಹ್ಯಾಂಗರಿನಲ್ಲಿ ಮಾಡುವವರೂ ಅವರೇ, ಒಪ್ಪುವವರೂ ಅವರೇ. 'ಮಾಡಿದವರು' ಎಂಬ ಜಾಗವನ್ನು ಖಾಲಿ ಬಿಟ್ಟು, ಆಮೇಲೆ ಕೈಗೆ ಸಿಕ್ಕವರಿಂದ ಸಹಿ ಹಾಕಿಸಿಕೊಳ್ಳುವುದು ಅಲ್ಲಿನ ರೂಢಿ. ಅವಳೂ ಎಷ್ಟೋ ಸಲ ಹಾಕಿದ್ದಳು.

"ಮೊನ್ನೆ ಒಂದು ಚಕ್ರ ಬದಲಾಯಿಸಿದೆ. ಇಲ್ಲೊಂದು ಸಹಿ ಹಾಕು. ಇದನ್ನೇ ನಿನ್ನ ಪುಸ್ತಕಕ್ಕೂ ಬರ್ಕೊ, ನಾನು ಸಹಿ ಮಾಡ್ತೀನಿ" ಎಂದರು ಭಾವ.

"ಮೊನ್ನೆ ನಾನು ಬೇರೆ ವಿಮಾನದ ಕೆಳಗಿದ್ದೆನಲ್ಲ ಸಾರ್?"

"ನೂರು ಚಕ್ರ ಕಟ್ಟಿದೀಯ. ಯಾವುದಾದ್ರೇನು? ಬೇರೆ ಹಾಳೆಗಳೆಲ್ಲ ಕಚೇರಿ ಸೇರಿವೆ. ಬೇಡ ಅಂದ್ರೆ ಬಿಡು."

ಬೇಡ ಎನ್ನಲು ಅವಳಿಗೇನು ಹುಚ್ಚೇ? ಎರಡು ಕಡೆಯೂ ಸಹಿ ಹಾಕಿದಳು. ಭಾವನೂ ಹಾಕಿದರು. ಖುಷಿ ತಡೆಯಲಾರದೆ ಬಗ್ಗಿ ಅವರ ಕಾಲು ಮುಟ್ಟಿದಳು. ಭಾವ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡರು.

ಹೊರಗೆ ಕ್ಯಾಂಟೀನಿನ ಟಿವಿಯ ಮುಂದೆ ಜನ ಮುತ್ತಿದ್ದರು. ಬೇರೆ ಊರಿನ ರನ್‌ವೇಯಲ್ಲಿ ಅವರದೇ ಕಂಪನಿಯ ವಿಮಾನ ಒಂದು ಪಕ್ಕಕ್ಕೆ ವಾಲಿ ಬಿದ್ದಿತ್ತು. ಇಳಿಯುವಾಗ ಚಕ್ರವೊಂದು ಕಳಚಿ ಹೋಗಿತ್ತಂತೆ. ಗಗನಸಖಿಯೊಬ್ಬಳ ಬೆನ್ನುಮೂಳೆ ಮುರಿದಿತ್ತು. ಬಾಲದ ಮೇಲಿನ ನಂಬರು, ಅವಳು ಆಗಷ್ಟೇ ತನ್ನ ಕೈಯಾರೆ ಪುಸ್ತಕದಲ್ಲಿ ಬರೆದುಕೊಂಡ ನಂಬರೇ. ವಾಪಸ್ ಓಡಿದಳು. ಕೋಣೆಗೆ ಬೀಗ ಬಿದ್ದಿತ್ತು, ಹಾಳೆ ಕಚೇರಿ ಸೇರಿತ್ತು.

ವಿಚಾರಣೆ ಅರ್ಧ ಗಂಟೆಯೂ ನಡೆಯಲಿಲ್ಲ. ವಿಮಾನಯಾನ ಇಲಾಖೆಯ ಅಧಿಕಾರಿ ಹಾಳೆಯನ್ನೂ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟು ಕೇಳಿದರು: "ಎರಡೂ ನಿಮ್ಮ ಸಹಿನೇ ತಾನೆ?"

"ಹೌದು ಸಾರ್. ಆದ್ರೆ ಚಕ್ರ ಕಟ್ಟಿದ್ದು ನಾನಲ್ಲ."

"ಮಾಡದ ಕೆಲಸಕ್ಕೆ ಸಹಿ ಹಾಕೋರು ನೀವು. ಹಾಗಾದ್ರೆ ಈ ಪುಸ್ತಕದ ಉಳಿದ ಪುಟಗಳನ್ನಾದ್ರೂ ಹೇಗೆ ನಂಬೋದು?"

ಪಕ್ಕದಲ್ಲಿದ್ದ ಭಾವ ಕಣ್ಣೊರೆಸಿಕೊಂಡರು. ನಿಜವಾದ ಕಣ್ಣೀರು ಅದು; ಭಯಕ್ಕೂ ಕಣ್ಣೀರು ಬರುತ್ತದೆ.

"ನಮ್ಮ ಮನೆ ಹುಡುಗಿ ಸಾರ್. ಚಕ್ರದ ನಟ್ಟಿಗೆ ಲಾಕ್ ಹಾಕಿದೀನಿ ಅಂದ್ಲು, ನಂಬಿಬಿಟ್ಟೆ. ಸಲಿಗೆ ಕೊಟ್ಟದ್ದೇ ನನ್ನ ತಪ್ಪು."

ಅವಳ ಕೆಲಸ ಹೋಯಿತು. ಈ ಜನ್ಮದಲ್ಲಿ ಲೈಸೆನ್ಸ್ ಕೇಳಬಾರದೆಂದು ಬರೆದು ಕೊಟ್ಟರು. ಭಾವನಿಗೆ ಒಂದು ಎಚ್ಚರಿಕೆಯ ಪತ್ರ ಸಿಕ್ಕಿತು, ಅಷ್ಟೆ. ಅವರನ್ನು ಮನೆಗೆ ಕಳಿಸಿದರೆ ಸಹಿ ಹಾಕುವವರಿಲ್ಲದೆ ಎಂಟು ವಿಮಾನ ಹಾರದೆ ನಿಲ್ಲುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಅವರು ಇನ್ನೊಂದು ಹಾಳೆಗೆ ಸಹಿ ಹಾಕುತ್ತಿದ್ದರು.

ಮನೆಯಲ್ಲಿ ಅಕ್ಕ ಮಕ್ಕಳ ಯೂನಿಫಾರಂ ಇಸ್ತ್ರಿ ಮಾಡುತ್ತಿದ್ದಳು.

"ಫೋನ್ ಮಾಡಿದಾಗ ನಿಂಗೆ ಗೊತ್ತಿತ್ತಾ ಅಕ್ಕ?"

ಅಕ್ಕ ತಲೆ ಎತ್ತಲಿಲ್ಲ. "ಗೊತ್ತಿತ್ತು. ನೀನು ಒಂಟಿ ಜೀವ, ಎಲ್ಲಾದ್ರೂ ಬದುಕ್ತೀಯ. ಇವರ ಕೆಲಸ ಹೋಗಿದ್ರೆ ನನ್ನ ಮಕ್ಕಳ ಗತಿ ಏನು?"

ಸ್ಪ್ಯಾನರಕ್ಕ ಗೋಡೆಗೆ ಒರಗಿ ನಿಂತಳು. ಅಳಬೇಕೆನಿಸಿತು, ಬಡಿಯಬೇಕೆನಿಸಿತು, ಎರಡೂ ಆಗಲಿಲ್ಲ.

ಅಕ್ಕ ಕಾಲರು ಮಡಿಸಿ, ಅಂಗಿಯನ್ನು ಪಕ್ಕಕ್ಕಿಟ್ಟಳು. "ಹೇಗೂ ಇನ್ಮೇಲೆ ಮನೇಲೇ ಇರ್ತೀಯಲ್ಲ, ನಾಳೆಯಿಂದ ಮಕ್ಕಳನ್ನ ಸ್ಕೂಲಿಗೆ ನೀನೇ ಬಿಟ್ಟು ಬಾ."