ಬಾಯ್ಲರಿಗೆ ಕಿವಿಗೊಡುವ ಹಾಲಪ್ಪ

ಹಾಲಪ್ಪನವರನ್ನು ಊಟಕ್ಕೆ ಕರೆದವರು ಎಲೆ ಹಾಕುವ ಮೊದಲು ಬಾಯ್ಲರ್ ಇಟ್ಟ ಬೀರುವಿನ ಮುಂದಿರುವ ಛತ್ರಿ, ಬೂಟು, ಅಕ್ಕಿಚೀಲಗಳನ್ನು ಸರಿಸಿಡಬೇಕಾಗುತ್ತಿತ್ತು. ಏಕೆಂದರೆ ಅವರು ಹೊಸ್ತಿಲು ದಾಟಿದವರೇ ನೀರಿನ ಲೋಟವನ್ನೂ ಮುಟ್ಟದೆ ನೆಟ್ಟಗೆ ಅಲ್ಲಿಗೆ ಹೋಗಿ, ತಮ್ಮ ದೀರ್ಘಕಾಯವನ್ನು ಒಂದು ಪಕ್ಕಕ್ಕೆ ವಾಲಿಸಿ, ಬಲಗಿವಿಯನ್ನು ತಗಡಿನ ಹತ್ತಿರ ತಂದು, ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದರು. ಒಳಗೆ ನೀರು ಕಾಯುವ ಸದ್ದು, ಕಾದ ನೀರು ಕೋಣೆಕೋಣೆಯನ್ನು ಬೆಚ್ಚಗಿಡುವ ರೇಡಿಯೇಟರುಗಳಿಗೆ ಹರಿಯುವ ಸದ್ದು, ಪಂಪಿನ ಗೊಣಗಾಟ, ಇವೆಲ್ಲವನ್ನೂ ಸಂಗೀತದ ಮೇಷ್ಟರೊಬ್ಬರು ಶಿಷ್ಯನ ಶ್ರುತಿ ಪರೀಕ್ಷಿಸುವ ಗಾಂಭೀರ್ಯದಿಂದ ಆಲಿಸಿ, ಕೊನೆಗೆ ಕಣ್ತೆರೆದು, "ಗಡಿಬಿಡಿ ಏನಿಲ್ಲ, ಇನ್ನೂ ಬಾಳ್ತೈತಿ" ಎನ್ನುತ್ತಿದ್ದರು. ಆ ಮೇಲೆಯೇ ಊಟ.

ರಾಣೆಬೆನ್ನೂರಿನವರು, ಸಮುದ್ರದಾಚೆಯ ಚಳಿನಾಡಿನಲ್ಲಿ ನೆಲೆಸಿದವರು. ಐಂಡ್‌ಹೋವನ್ನಿನ ಚಿಪ್ ಕಾರ್ಖಾನೆಯೊಂದರಲ್ಲಿ ಎಂಜಿನಿಯರಾಗಿದ್ದರೂ, ಹೆಂಡತಿ ವಾಸಂತಿಯವರ ಶಾಲೆಯ ಕೆಲಸಕ್ಕಾಗಿ ವೂರ್‌ಬರ್ಗಿನಲ್ಲಿ ಮನೆ ಕೊಂಡು, ದಿನವೂ ರೈಲಿನಲ್ಲಿ ಅಷ್ಟು ದೂರ ಹೋಗಿಬರುತ್ತಿದ್ದರು. ಕಾಲವನ್ನು ಯಾರಿಗೂ ಬಾಕಿ ಉಳಿಸಿಕೊಳ್ಳದವರಂತೆ ನಿಧಾನವಾಗಿ ಊರುವ ಹೆಜ್ಜೆ, ಮೊಣಕೈ ಸವೆದ ಕಂದು ಕೋಟು, ಅದರ ಜೇಬಿನಲ್ಲಿ ರೇಡಿಯೇಟರಿನೊಳಗೆ ಸಿಕ್ಕಿಕೊಂಡ ಗಾಳಿಯನ್ನು ಬಿಡುವ ಒಂದು ಪುಟ್ಟ ಹಿತ್ತಾಳೆ ಕೀಲಿ. ಕೀಲಿ ತಿರುಗಿಸಿ, ಗಾಳಿ ಬಿಟ್ಟು, ಒತ್ತಡದ ಮುಳ್ಳು ಇಳಿದಿದ್ದರೆ ನೀರು ತುಂಬಿ ಕೊಡುವಷ್ಟಕ್ಕೆ ಅವರ ಕೈ ನಿಲ್ಲುತ್ತಿತ್ತು. ಉರಿಯುವ ಭಾಗವನ್ನು ಅವರೆಂದೂ ಬಿಚ್ಚಿದವರಲ್ಲ. "ನೀರಿನ ಕೆಲಸ ನಂದು, ಬೆಂಕಿ ಕೆಲಸ ಮೆಕ್ಯಾನಿಕ್‌ಂದು" ಎಂಬುದು ಅವರ ವ್ರತ. ನ್ಯೂವೆಗೈನಿನ ಶೇಷಾದ್ರಿ ಎಂಬ ಉತ್ಸಾಹಿ ತರುಣ ಒಮ್ಮೆ ಇಂಟರ್ನೆಟ್ಟಿನಲ್ಲಿ ವಿಡಿಯೋ ನೋಡಿ ತನ್ನ ಬಾಯ್ಲರಿನ ಬರ್ನರ್ ಬಿಚ್ಚಲು ಹೊರಟಾಗ, ಹಾಲಪ್ಪನವರು ಸ್ಕ್ರೂಡ್ರೈವರನ್ನು ಕಸಿದು ಕೋಟಿನ ಜೇಬಿಗಿಳಿಸಿದರು. ಪಾಪ, ಶೇಷಾದ್ರಿ ಅದನ್ನು ಮರಳಿ ಕಂಡದ್ದು ಮೆಕ್ಯಾನಿಕ್ ಬಂದುಹೋದ ಮೇಲೆ.

ಅವರ ಸ್ವಂತ ಬಾಯ್ಲರ್ ಮನೆಯೊಂದಿಗೇ ಬಂದ ಹಳೆಯ ಮುದುಕ. ಅಡುಗೆಮನೆಯ ಮೂಲೆಯಲ್ಲಿ ತೂಗುಬಿದ್ದು, ಕೋಣೆಯ ಗಾಳಿಯನ್ನೇ ಉಸಿರಾಡಿ, ಹೊಗೆಯನ್ನು ಚಿಮಣಿಗೆ ಬಿಡುವ ಜಾತಿಯದು. ಹೊಸದು ಹಾಕಿಸಿ ಎಂದು ಹೇಳದವರಿಲ್ಲ. ಅದನ್ನು ಹಾಲಪ್ಪನವರು ಕಿವಿಗೆ ಹಾಕಿಕೊಂಡವರಲ್ಲ. ವರ್ಷವರ್ಷವೂ ಮೆಕ್ಯಾನಿಕ್ಕನ್ನು ಕರೆಸಿ ತೊಳೆಸುತ್ತಿದ್ದರು, ದಿನವೂ ಹೋಗುವಾಗ ಬರುವಾಗ ತಗಡನ್ನು ತಟ್ಟಿ ಮಾತಾಡಿಸುತ್ತಿದ್ದರು.

ಅದೊಂದು ಬೇಸಗೆಯಲ್ಲಿ, ವಾಸಂತಿಯವರ ಬ್ಯಾಡಗಿ ಮೆಣಸಿನಕಾಯಿಯ ಒಗ್ಗರಣೆಗೆ ಪಕ್ಕದ ಮನೆಯವರು ಕೆಮ್ಮಿದ್ದು ಗೋಡೆಯಾಚೆಯಿಂದ ಕೇಳಿಸಿತು. ಹೆಂಡತಿ ಮುಜುಗರಪಟ್ಟದ್ದನ್ನು ನೋಡಲಾರದೆ ಹಾಲಪ್ಪನವರು ಒಲೆಯ ಮೇಲೆ ಘಾಟನ್ನು ಹೊರಗೆಳೆದು ಹಾಕುವ ಭಾರಿ ಫ್ಯಾನೊಂದನ್ನು ತಾವೇ ಕೂರಿಸಿದರು. ಚಳಿ ತಲೆಹಾಕಿದಾಗ, ಅಡುಗೆಮನೆಯ ಹೊರಗೋಡೆಯಲ್ಲಿ ಗಾಳಿಗೆಂದು ಬಿಟ್ಟಿದ್ದ ಜಾಲರಿಯಿಂದ ಗಾಳಿ ನುಗ್ಗಿ ಆಕೆ ನಡುಗುತ್ತಾರೆಂದು, ಫೋಮ್ ಹಾಳೆಯನ್ನು ಅಳತೆಗೆ ಸರಿಯಾಗಿ ಕತ್ತರಿಸಿ ಅದನ್ನು ಮುಚ್ಚಿದರು. ಎರಡೂ ಅಚ್ಚುಕಟ್ಟಾದ ಕೆಲಸ, ಎರಡೂ ಪ್ರೀತಿಯ ಕೆಲಸ.

ಆಗಿನಿಂದ ವಾಸಂತಿಯವರಿಗೆ ಸಂಜೆಸಂಜೆಗೆ ತಲೆನೋವು. ಹಣೆಗೆ ಮುಲಾಮು ತಿಕ್ಕಿದ್ದಾಯಿತು, ಕನ್ನಡಕ ಬದಲಿಸಿದ್ದಾಯಿತು. ಒಮ್ಮೆ ಒಲೆಯ ಮುಂದೆ ಕಣ್ಣು ಕತ್ತಲೆಗಟ್ಟಿ ಸಿಂಕನ್ನು ಹಿಡಿದು ನಿಂತರು. ಹಾಲಪ್ಪನವರು ಹವೆಯನ್ನು ಬೈದರು, ಹೆಂಡತಿಗೆ ಶುಂಠಿ ಕಷಾಯ ಮಾಡಿಕೊಟ್ಟರು, ಬಾಯ್ಲರನ್ನು ಇನ್ನಷ್ಟು ಏರಿಸಿದರು.

ಆಯುಧಪೂಜೆ ಬಂತು. ಆ ದಿನ ಆಯುಧಗಳಿಗೆ ವಿಶ್ರಾಂತಿ ಎಂಬ ಮನೆತನದ ನೇಮವನ್ನು ಹಾಲಪ್ಪನವರು ಬಾಯ್ಲರಿಗೂ ಪಾಲಿಸುತ್ತಿದ್ದರು. ಬೆಳಿಗ್ಗೆಯೇ ಬಾಯ್ಲರಿಗೆ ಹೋಗುವ ಗ್ಯಾಸಿನ ನಲ್ಲಿಯನ್ನಷ್ಟೇ ಮುಚ್ಚಿ, ತಗಡಿಗೆ ವಿಭೂತಿ ಹಚ್ಚಿ, ಹಿತ್ತಾಳೆ ಕೀಲಿಯನ್ನು ಮುಂದಿಟ್ಟು, ಸೇವಂತಿಗೆ ಏರಿಸಿ, ಊದಿನಕಡ್ಡಿ ಸಿಕ್ಕಿಸಿದರು. ವಾಸಂತಿಯವರು ದಿನವಿಡೀ ಫ್ಯಾನಿನ ಅಬ್ಬರದ ಕೆಳಗೆ ನಿಂತು ಹೋಳಿಗೆ ಮಾಡಿದರು. ಸಂಜೆ ಎಲೆಯ ಮುಂದೆ ಕೂತಾಗ ಆಕೆ ಸಹಜವಾಗಿ ಹೇಳಿದರು: "ಇವತ್ತ ಇಷ್ಟ ದಗದ ಮಾಡಿದ್ರೂ ತಲಿ ನೋಯಲಿಲ್ಲ ನೋಡ್ರಿ."

ಹಾಲಪ್ಪನವರ ಕೈಯ ತುತ್ತು ಎಲೆಗೆ ಮರಳಿತು. ಎದ್ದು ಅಡುಗೆಮನೆಗೆ ಹೋದರು. ಫ್ಯಾನ್ ಇನ್ನೂ ತಿರುಗುತ್ತಿತ್ತು. ಬೇರೊಂದು ಊದಿನಕಡ್ಡಿ ಹೊತ್ತಿಸಿ ಬಾಯ್ಲರಿನ ಮೇಲ್ಗಡೆಯ ಸಂದಿಗೆ ಹಿಡಿದರು. ಒಳಸೇರಿ ಚಿಮಣಿಗೆ ಏರಬೇಕಾದ ಹೊಗೆ ಹಿಂದಿರುಗಿ, ಅವರ ಮುಖವನ್ನು ಸವರಿಕೊಂಡು ಫ್ಯಾನಿನತ್ತ ಓಡಿತು. ಜಾಲರಿ ಮುಚ್ಚಿದ್ದರಿಂದ ಬೇರೆ ಗಾಳಿಗೆ ದಾರಿಯಿಲ್ಲದೆ ಫ್ಯಾನು ಚಿಮಣಿಯಿಂದಲೇ ಎಳೆಯುತ್ತಿತ್ತು. ಬಾಯ್ಲರ್ ಉರಿದ ದಿನಗಳಲ್ಲಿ ವಾಸನೆಯಿಲ್ಲದ, ಬಣ್ಣವಿಲ್ಲದ ವಿಷಗಾಳಿಯೆಲ್ಲ ಈ ಕೋಣೆಗೇ ಇಳಿಯುತ್ತಿತ್ತು. ಹಾಲಪ್ಪನವರು ಫ್ಯಾನು ನಿಲ್ಲಿಸಿ, ಫೋಮ್ ಹಾಳೆಯನ್ನು ಕಿತ್ತೆಸೆದು, ಅಲ್ಲೇ ಸ್ಟೂಲಿನ ಮೇಲೆ ಕೂತರು.

"ವಾಸಂತಿ, ನಿನ್ನ ತಲಿನೋವು ನಾನ ತಂದು ಹಚ್ಚೀನಿ," ಎಂದರು.

ಬೆನ್ನಿಗೇ ಬಂದು ಹೊಗೆ ಹಿಂದಿರುಗಿದ್ದನ್ನು ಕಂಡಿದ್ದ ಆಕೆ ಊದಿನಕಡ್ಡಿಯನ್ನೂ ಗಂಡನ ಮುಖವನ್ನೂ ನೋಡಿ ಎಲ್ಲವನ್ನೂ ಅರ್ಥಮಾಡಿಕೊಂಡರು. "ಗಡಿಬಿಡಿ ಮಾಡ್ಕೋಬ್ಯಾಡ್ರಿ. ಈಗ ತಿಳೀತಲ್ಲ, ಏಳ್ರಿ," ಎಂದು ಅವರ ಮಾತನ್ನು ಅವರಿಗೇ ಹಿಂದಿರುಗಿಸಿದರು.

ಮೆಕ್ಯಾನಿಕ್ ಬರುವವರೆಗೆ ಇಬ್ಬರೂ ಕಂಬಳಿ ಹೊದ್ದು ಕಳೆದರು. ಅವನು ಬರ್ನರಿನ ಮಸಿ ತೆಗೆದು, ಚಿಮಣಿ ಪರೀಕ್ಷಿಸಿ, ವಿಷಗಾಳಿ ಅಳೆಯುವ ಮೀಟರ್ ಹಿಡಿದು ನೋಡಿ, ಈ ಬಾಯ್ಲರೂ ಆ ಫ್ಯಾನೂ ಒಂದೇ ಸೂರಿನಡಿ ಬಾಳಲಾರವು ಎಂದ. ಹಾಲಪ್ಪನವರು ತಾವು ಕೂರಿಸಿದ ಫ್ಯಾನನ್ನು ತಾವೇ ಇಳಿಸಿದರು. ಮುಂದೆ ವಾಸಂತಿಯವರು ಕಿಟಕಿ ತೆರೆದು, ಗಂಡನ ಕಂದು ಕೋಟನ್ನು ತೊಟ್ಟು ಒಗ್ಗರಣೆ ಹಾಕತೊಡಗಿದರು. ಪಕ್ಕದ ಮನೆಗೆ ಒಂದು ಡಬ್ಬಿ ಹೋಳಿಗೆ ಹೋಗಿ ಕೆಮ್ಮಿನ ವಿಷಯ ಇತ್ಯರ್ಥವಾಯಿತು. ಆ ಚಳಿಗಾಲವೆಲ್ಲ ಹಾಲಪ್ಪನವರ ಕೋಟಿನಿಂದ ಮೆಣಸಿನಕಾಯಿಯ ಘಾಟು ಬರುತ್ತಿತ್ತು.

ಈಗಲೂ ಯಾರದಾದರೂ ಗೃಹಪ್ರವೇಶಕ್ಕೆ ಅವರು ಒಯ್ಯುವುದು ಬೆಳ್ಳಿಯ ದೀಪವನ್ನಲ್ಲ, ಆ ವಿಷಗಾಳಿ ಬಂದರೆ ಕೂಗುವ ಅಲಾರ್ಮನ್ನು. ಬೀರುವಿನ ಬಳಿ ಇನ್ನೂ ಹೋಗುತ್ತಾರೆ, ಆದರೆ ಎರಡನೆಯದಾಗಿ. ಮೊದಲು ಮನೆಯಾಕೆಯನ್ನು ಕೇಳುತ್ತಾರೆ: "ಸಂಜೀಕ ತಲಿ ಏನರ ನೋಯ್ತೈತೇನವ್ವಾ?"

ರಿಪೇರಿಯ ಹುಚ್ಚಿನವರು ಬಹುಮಟ್ಟಿಗೆ ಹೀಗೆಯೇ. ಯಂತ್ರದ ಅತಿಸೂಕ್ಷ್ಮ ನರಳಿಕೆಗೂ ಎಚ್ಚರಗೊಳ್ಳುವ ಅವರ ಕಿವಿಗೆ ಪಕ್ಕದಲ್ಲೇ ಇರುವ ಮನುಷ್ಯರ ನರಳಿಕೆ ತಡವಾಗಿ ತಲುಪುತ್ತದೆ. ಪ್ರೀತಿಯ ಕೊರತೆಯಿಂದಲ್ಲ, ಅಷ್ಟು ಪ್ರೀತಿಯಿಂದ ಮಾಡಿದ ಕೆಲಸದಲ್ಲಿ ಕೇಡಿರಬಹುದೆಂದು ಅವರಿಗೆ ಹೊಳೆಯುವುದೇ ಇಲ್ಲ. ಹೊಳೆದ ದಿನ ಅದನ್ನು ತಮ್ಮ ಕೈಯಿಂದಲೇ ಬಿಚ್ಚಿಹಾಕುವವರು ವಿರಳ. ಅಂಥವರ ಮನೆಯಲ್ಲಿ ತುಸು ಚಳಿಯಾಗಬಹುದು, ಆದರೆ ಅಲ್ಲಿ ಮಲಗಿದವರು ಬೆಳಿಗ್ಗೆ ಏಳುತ್ತಾರೆ.