ಎರಡು ಬೆರಳಿನ ವಿಭೂತಿ

ಮಧ್ಯಾಹ್ನ ಮೂರರೊಳಗೆ ನಾಮಪತ್ರ ವಾಪಸ್ ತೆಗೆದುಕೊಳ್ಳದಿದ್ದರೆ ಧನರಾಜನ ಹಣೆಗೆ ಇನ್ನೊಂದು ಗುರುತು ಗಂಟು ಬೀಳುವುದಿತ್ತು. ಮೂರಾಯಿತೆಂದರೆ ಅಧಿಕಾರಿ ಉಳಿದವರ ಹೆಸರು ಓದಿ, ಒಬ್ಬೊಬ್ಬರಿಗೆ ಒಂದೊಂದು ಚಿತ್ರ ಹಂಚುತ್ತಾನೆ. ಪಂಚಾಯತಿಯ ಓಟಿನ ಚೀಟಿಯಲ್ಲಿ ಹೆಸರು ಇರುವುದಿಲ್ಲ, ಬರೀ ಚಿತ್ರ. ಹಾಗಾಗಿ ತೆಲುಗು ಸೀಮೆಯ ಗಡಿಯಲ್ಲಿರುವ ಬೇವನಗುಂಟಾದಲ್ಲಿ ಚುನಾವಣೆಗೆ ಮನುಷ್ಯರು ನಿಲ್ಲುವುದೇ ಇಲ್ಲ. ಬಕೀಟು ನಿಲ್ಲುತ್ತದೆ, ಬ್ಯಾಟು ನಿಲ್ಲುತ್ತದೆ, ಒಮ್ಮೊಮ್ಮೆ ಬೆಂಡೆಕಾಯಿಯೂ ನಿಂತು ಗೆದ್ದುಬಿಡುತ್ತದೆ.

ಪ್ರೇಮಲಾ ಪಡಸಾಲೆಯಲ್ಲಿ ಹೊಲಿಗೆ ಮಿಷನ್ನಿನ ಮುಂದೆ ಕುಳಿತು ಗಡಿಯಾರ ನೋಡಿದಳು. ಹನ್ನೊಂದೂವರೆ. ಒಳಗೆ ಗಂಡ ಧನರಾಜ ಬಿಳಿ ಅಂಗಿಗೆ ಇಸ್ತ್ರಿ ಉಜ್ಜುತ್ತಿದ್ದ. ಚುನಾವಣೆ ಬಂದಾಗ ಮಾತ್ರ ಟ್ರಂಕಿನಿಂದ ಹೊರಬರುವ ಅಂಗಿ ಅದು. ಹತ್ತೊಂಬತ್ತು ವರ್ಷದಲ್ಲಿ ಕಾಲರನ್ನು ಅವಳು ಎರಡು ಸಲ ತಿರುವಿ ಹೊಲಿದಿದ್ದಳು.

ಮೂರು ಸಲ ಪಂಚಾಯತಿಯ ಸರ್ಪಂಚ್ ಸ್ಥಾನಕ್ಕೆ, ಎರಡು ಸಲ ಮಂಡಲಕ್ಕೆ, ಒಂದು ಸಲ ಸೊಸೈಟಿಯ ಡೈರೆಕ್ಟರ್ ಸ್ಥಾನಕ್ಕೆ. ಒಟ್ಟು ಆರು ಸಲ ನಿಂತ, ಆರೂ ಸಲ ಸೋತ. ಕತ್ತರಿಯಾದ, ಬ್ಯಾಟಾದ, ಕೊನೆಯ ಸಲ ಟೂತ್‌ಪೇಸ್ಟ್ ಆದ. ಆಗ ಹುಡುಗರು ಅವನನ್ನು ಕಂಡರೆ ಹಲ್ಲು ಕಿಸಿದು ತೋರಿಸುತ್ತಿದ್ದರು. ಅವನು ನಕ್ಕು ಕೈ ಮುಗಿಯುತ್ತಿದ್ದ. ಆ ಕೈ ಮುಗಿಯುವುದನ್ನು ನೋಡಲಾರದೆ ಪ್ರೇಮಲಾ ಒಳಗೆ ಹೋಗಿಬಿಡುತ್ತಿದ್ದಳು.

ಇಷ್ಟಕ್ಕೆಲ್ಲ ಮೂಲ ಎರಡು ಸಾವಿರದ ಆರನೇ ಇಸವಿಯ ಕತ್ತರಿ. ಆ ವರ್ಷ ಊರಿನ ಸೂರ್ಯಕಾಂತನಿಗೆ ಉಂಗುರದ ಗುರುತು, ಧನರಾಜನಿಗೆ ಕತ್ತರಿ. ಎಣಿಕೆ ಮುಗಿದಾಗ ಉಂಗುರಕ್ಕೆ ಮುನ್ನೂರ ಹನ್ನೆರಡು, ಕತ್ತರಿಗೆ ಮುನ್ನೂರ ಹನ್ನೊಂದು. ಪಕ್ಕಕ್ಕೆ ಇಟ್ಟಿದ್ದ ಚೀಟಿ ಒಂದೇ ಒಂದು. ಕತ್ತರಿಯ ಮೇಲೆ ಮುದ್ರೆ ಸರಿಯಾಗಿಯೇ ಬಿದ್ದಿತ್ತು, ಆದರೆ ಮುದ್ರೆಯ ಮೇಲೆ ಯಾರೋ ವಿಭೂತಿ ಹಚ್ಚಿದ್ದರು. ತೆಲುಗಿನ ಅಧಿಕಾರಿ ಚೀಟಿ ಎತ್ತಿ ಹಿಡಿದು "ಚೆಲ್ಲದು" ಅಂದ. ಕನ್ನಡದ ಕಿವಿಯ ಒಂದಿಬ್ಬರು ಏನು ಚೆಲ್ಲಿತೋ ಎಂದು ನೆಲ ನೋಡಿದರು. ಸಲ್ಲದು ಎಂದು ಅರ್ಥವಾಗುವಷ್ಟರಲ್ಲಿ ಸೂರ್ಯಕಾಂತನ ಕೊರಳಿಗೆ ಹಾರ ಬಿದ್ದಿತ್ತು. ಆ ಒಂದು ಚೀಟಿ ಸಂದಿದ್ದರೆ ಸಮ ಆಗಿ, ಗೆದ್ದವರು ಯಾರೆಂದು ಚಿಟ್ಟಿ ಎತ್ತಬೇಕಾಗುತ್ತಿತ್ತು.

ಬೇರೆ ಯಾರಾದರೂ ಆಗಿದ್ದರೆ ಆ ವಿಭೂತಿ ಹಚ್ಚಿದವರಿಗೆ ಏಳೇಳು ಜನ್ಮದ ಶಾಪ ಹಾಕುತ್ತಿದ್ದರು. ಧನರಾಜ ತಿರುಗುಮುರುಗು ಮನುಷ್ಯ. ಅವನಿಗೆ ಸೋಲು ಮರೆತೇ ಹೋಯಿತು, ವಿಭೂತಿ ಉಳಿಯಿತು. ಕಟ್ಟೆಯ ಮೇಲೆ ಕುಳಿತವರಿಗೆ ಮೂರು ಬೆರಳು ಎತ್ತಿ ತೋರಿಸುತ್ತಿದ್ದ. "ನೋಡ್ರಿ, ಹಿಂಗ ಮೂರು ಬೆರಳಲೇ ಹಚ್ಚಿದ್ರು. ಲಿಂಗಕ್ಕ ಹಚ್ಚಿದಂಗ. ನನ್ನ ಮ್ಯಾಲ ಅಷ್ಟು ಜೀವ ಇದ್ದವರು ಯಾರೋ ಒಬ್ಬರು ಈ ಊರಾಗ ಇದ್ದಾರ. ಅವರ ಸಲುವಾಗಿ ನಾ ನಿಂದ್ರಬೇಕು."

ಆ ಒಬ್ಬರು ಯಾರೆಂದು ತಿಳಿಯದ್ದರಿಂದ ಅವನು ಎಲ್ಲರನ್ನೂ ಅವರೇ ಎಂದು ತಿಳಿದ. ಯಾವ ಮುದುಕಿ ಕರೆದರೂ ಹೋದ. ಭೂದೇವಿಯನ್ನು ಕಣ್ಣಿನ ಆಪರೇಶನ್ನಿಗೆ ಬೀದರಿಗೆ ಕರೆದುಕೊಂಡು ಹೋಗಿ ಎರಡು ದಿನ ವರಾಂಡದಲ್ಲಿ ಮಲಗಿದ. ರೇಶನ್ ಕಾರ್ಡು, ಪೆನ್ಶನ್ನು, ಆಧಾರ್ ಎಂದು ಜಹೀರಾಬಾದಿಗೆ ಓಡಾಡಿದ. ಊರಲ್ಲಿ ಯಾವ ಮುದುಕಿ ಸತ್ತರೂ ಮುಂದೆ ನಿಂತು ಹೆಗಲು ಕೊಟ್ಟು, ಮನೆಗೆ ಬಂದು "ಇಕೀನೇ ಇದ್ದಳೇನೋ" ಎಂದು ಊಟ ಬಿಡುತ್ತಿದ್ದ. ಆಚೆ ಓಣಿಯ ಎಲ್ಲಮ್ಮನ ಮೇಲೂ ಅವನಿಗೆ ಅನುಮಾನವಿತ್ತು. ಅವರು ಬುದ್ಧನ ಫೋಟೋ ಇಟ್ಟುಕೊಂಡವರು, ವಿಭೂತಿ ಎಲ್ಲಿಂದ ಬರಬೇಕು ಎಂದರೆ, "ಒಲಿ ಬೂದಿ ಇದ್ದೀತು" ಅನ್ನುತ್ತಿದ್ದ.

ಊರು ಅವನಿಂದ ಕೆಲಸ ಮಾಡಿಸಿಕೊಂಡಿತು, ಓಟನ್ನು ಸೂರ್ಯಕಾಂತನ ಕಡೆಯವರಿಗೆ ಹಾಕಿತು. ಮುನ್ನೂರ ಹನ್ನೊಂದು ಇದ್ದದ್ದು ಎರಡನೇ ಸಲ ನೂರ ನಲವತ್ತಾಯಿತು, ಟೂತ್‌ಪೇಸ್ಟಿನ ಹೊತ್ತಿಗೆ ಇಪ್ಪತ್ತೊಂಬತ್ತಾಯಿತು.

ವಿಭೂತಿ ಹಚ್ಚಿದವಳು ಪ್ರೇಮಲಾ.

ಬೇಕೆಂದು ಹಚ್ಚಿದ್ದಲ್ಲ. ಪ್ರತಿ ವರ್ಷ ದಸರೆಯ ಖಂಡೆಪೂಜೆಯ ದಿನ ಮಿಷನ್ನಿಗೆ, ಕತ್ತರಿಗೆ ವಿಭೂತಿ ಹಚ್ಚಿ ಕೈ ಮುಗಿಯುವುದು ಅವಳ ರೂಢಿ. ಓಟಿನ ದಿನ ಮಠದಿಂದ ತಂದ ವಿಭೂತಿ ಸೆರಗಿನ ಗಂಟಿನಲ್ಲಿತ್ತು. ಅಡ್ಡ ಇಟ್ಟ ರಟ್ಟಿನ ಹಿಂದೆ ನಿಂತು ಕತ್ತರಿಯ ಚಿತ್ರ ನೋಡಿದಳು, ಮುದ್ರೆ ಒತ್ತಿದಳು, ಗಂಡನಿಗೆ ಒಳ್ಳೆಯದಾಗಲಿ ಎಂದುಕೊಳ್ಳುತ್ತಲೇ ಗಂಟು ಬಿಚ್ಚಿ ಬೆರಳು ಎಳೆದಳು. ಕತ್ತರಿ ಕಂಡರೆ ಕೈ ತಾನೇ ಹಾಗೆ ಹೋಗುತ್ತಿತ್ತು. ಮಳೆಗೆ ಸೆರಗು ನೆಂದು ವಿಭೂತಿ ಕರಗಿತ್ತು. ಎರಡು ಬೆರಳಿಗೆ ಹತ್ತಿತು, ಮೂರನೆಯದು ಖಾಲಿ ಬಂತು. ಅಷ್ಟರಲ್ಲಿ ಮತಗಟ್ಟೆಯವರು "ಅಮ್ಮಾ, ತ್ವರಗಾ" ಎಂದು ಅವಸರಪಡಿಸಿದರು, ಮಡಚಿ ಹಾಕಿಬಿಟ್ಟಳು.

ಮೊದಲು ಹೆದರಿಕೆಯಿಂದ ಹೇಳಲಿಲ್ಲ. ಆಮೇಲೆ, ಅವನು ಮೂರು ಬೆರಳು ಎತ್ತಿ ಆ ಕಥೆ ಹೇಳುವಾಗ ಅವನ ಮುಖ ಎಷ್ಟು ಬೆಳಗುತ್ತಿತ್ತೆಂದರೆ, ಹೇಳಲು ಮನಸ್ಸೇ ಬರಲಿಲ್ಲ. ಒಂದು ವರ್ಷ ಎರಡಾಗಿ, ಎರಡು ಹತ್ತೊಂಬತ್ತಾದವು. ಈಗ ಅವಳಿಗೆ ಸಾಕಾಗಿತ್ತು. ಚಹಾ ಕಾಸಿ ಸಾಕಾಗಿತ್ತು, ಮನೆ ಮನೆಗೆ ಹೋಗಿ ಕುಂಕುಮ ಹಚ್ಚಿ ಸಾಕಾಗಿತ್ತು, ಎಣಿಕೆಯ ದಿನ ಶಾಲೆಯ ಅಂಗಳದಿಂದ ಒಬ್ಬನೇ ನಡೆದು ಬರುವ ಗಂಡನನ್ನು ಬಾಗಿಲಲ್ಲಿ ನಿಂತು ಕಾಯುವುದಂತೂ ಸಾಕುಸಾಕಾಗಿತ್ತು.

ನಿನ್ನೆ ಸಂಜೆ ತುಳಸಿರಾಮ ಬಂದಿದ್ದ. ಆರೂ ಸಲ ಧನರಾಜನ ನಾಮಪತ್ರಕ್ಕೆ ಸೂಚಕನಾಗಿ ಸಹಿ ಹಾಕಿದ ಗೆಳೆಯ. ಒಳಗೆ ಬರದೆ ಕಟ್ಟೆಯ ಹತ್ತಿರವೇ ನಿಂತು ತಲೆ ತಗ್ಗಿಸಿದ.

"ವೈನಿ, ನಿಮ್ಮ ಮುಂದ ಸುಳ್ಳು ಯಾಕ ಹೇಳ್ಲಿ. ಈ ಸಲಾನೂ ಸಹಿ ನಾನೇ ಮಾಡೀನಿ. ಆದ್ರ ನಮ್ಮ ಸೊಸಿ ಶಿಲ್ಪಾರಾಣಿ ವಾರ್ಡ್ ಮೆಂಬರಿಗಿ ನಿಂತಾಳ, ಸೂರ್ಯಕಾಂತನ ಪ್ಯಾನಲ್‌ದಾಗ. ನಮ್ಮ ಮನಿ ಓಟು ಆ ಕಡಿ ಹೋಗ್ತಾವ."

"ಹೋಗ್ಲಿ ಬಿಡು, ನಿನ್ನ ತಪ್ಪೇನದ."

"ಇಡೀ ಊರು ತಿರುಗಿ ನೋಡೀನ್ರಿ. ಈ ಸಲ ಅಣ್ಣಗ ಎರಡು ಓಟು ಬೀಳ್ತಾವ. ಒಂದು ಅವಂದು, ಒಂದು ನಿಮ್ದು. ಹ್ಯಾಂಗರ ಮಾಡಿ ವಾಪಸ್ ತಗಸ್ರಿ."

ಎರಡು ಓಟು. ಮೈಕಿನಲ್ಲಿ ಅದನ್ನು ಓದುತ್ತಾರೆ. ರಾತ್ರಿಯೆಲ್ಲ ಆ ಮೈಕು ಪ್ರೇಮಲಾಳ ತಲೆಯಲ್ಲಿ ಕೂಗಿತ್ತು.

ಧನರಾಜ ಅಂಗಿ ತೊಟ್ಟು ಹೊರಗೆ ಬಂದ. ಗುರುತು ಹಂಚುವಾಗ ಎದುರಿಗೆ ಇರಬೇಕು ಎಂಬ ಆತುರ.

"ರೀ, ಒಂದೀಟು ಕೂಡ್ರಿ."

"ಹೊತ್ತಾಗ್ತದ. ಝಟ್ ಹೇಳು."

"ಈ ಸಲ ವಾಪಸ್ ತಗೋರಿ."

"ಮತ್ತ ಅದೇ ಹಾಡು ಹಚ್ಚಿದಿ." ಅವನು ಚಪ್ಪಲಿ ಹುಡುಕುತ್ತ ಹೇಳಿದ. "ಆ ಜೀವ ಇನ್ನಾ ಊರಾಗ ಅದ. ನಾ ನಿಂದ್ರಲಿಲ್ಲಂದ್ರ ಅದು ಯಾರಿಗಿ ಓಟು ಹಾಕಬೇಕು?"

"ಆ ಜೀವ ನಾನೇ ಇದ್ದೀನ್ರಿ."

ಧನರಾಜ ನಕ್ಕ. "ಹುಚ್ಚಿ. ನಿನಗ ನಾನೇ ಕೂಡಿಸಿ, ಕಾಗದದ ಮ್ಯಾಲ ಕತ್ತರಿ ಬರದು, ಮುದ್ರಿ ಹ್ಯಾಂಗ ಒತ್ತಬೇಕಂತ ಕಲಿಸಿಲ್ಲೇನು? ನಾ ನಿಂದ್ರಬಾರದಂತ ಸುಳ್ಳು ಹೇಳಾಕತ್ತಿ."

"ನೀವು ಊರ ಮಂದಿಗೆಲ್ಲಾ ಮೂರು ಬೆರಳು ತೋರಸ್ತೀರಿ. ಆ ಚೀಟಿ ಮ್ಯಾಲ ಎರಡೇ ಇದ್ದವು. ಮಳಿಗಿ ವಿಭೂತಿ ತೊಯ್ದಿತ್ತು. ಮೂರನೇದಕ್ಕ ಹತ್ತಲಿಲ್ಲ."

ಒಂದು ಕಾಲಿಗೆ ಚಪ್ಪಲಿ ಹಾಕಿದ್ದವನು ಹಾಗೆಯೇ ನಿಂತ. ಎರಡು ಬೆರಳು ಎಂದರೆ ಯಾರು ನಂಬುತ್ತಾರೆ ಎಂದು ಮೊದಲ ದಿನವೇ ಅವನು ಮೂರು ಮಾಡಿದ್ದ. ಎಣಿಕೆಯ ಮೇಜಿನ ಹತ್ತಿರ ನಿಂತಿದ್ದ ಅವನನ್ನು ಬಿಟ್ಟರೆ ಅದನ್ನು ಯಾರೂ ಸರಿಯಾಗಿ ನೋಡಿರಲಿಲ್ಲ. ಹೆಂಡತಿಗೂ ಅವನು ಮೂರು ಎಂದೇ ಹೇಳಿದ್ದ.

ಅವನು ಮೆಲ್ಲಗೆ ಕಟ್ಟೆಯ ಮೇಲೆ ಕುಳಿತ. ಬೈಯುತ್ತಾನೆ ಎಂದುಕೊಂಡಿದ್ದಳು ಪ್ರೇಮಲಾ. ಸರ್ಪಂಚಿಕೆ ಕಳೆದವಳೇ ನೀನು ಅನ್ನಲಿ, ಕೈ ಎತ್ತಲಿ, ಏನಾದರೂ ಆಗಲಿ ಎಂದು ಗಟ್ಟಿ ಮನಸ್ಸು ಮಾಡಿದ್ದಳು. ಅವನು ಬೀದಿಯನ್ನೇ ನೋಡುತ್ತ ಕುಳಿತ.

"ಅಂದ್ರ ಊರಾಗ ಯಾರೂ ಇರಲಿಲ್ಲ," ಎಂದ.

ಆ ಮಾತಿಗೆ ಪ್ರೇಮಲಾ ಸಿದ್ಧಳಿರಲಿಲ್ಲ. ಕಂಗ್ಟಿಯಿಂದ ಮದುವೆಯಾಗಿ ಬಂದು ಮೂವತ್ತೈದು ವರ್ಷವಾಗಿತ್ತು. ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಅಳು ಬಂತು.

"ನಾ ಊರಾಗ ಇಲ್ಲೇನ್ರಿ?"

ಧನರಾಜ ಇನ್ನೊಂದು ಚಪ್ಪಲಿ ಮೆಟ್ಟಿ, ಗಾಡಿ ತೆಗೆದುಕೊಂಡು ಹೋದ.

ಅವನು ಹಿಂದಿರುಗಿದ್ದು ನಾಲ್ಕು ಗಂಟೆಗೆ. ಬಿಳಿ ಅಂಗಿ ಬಿಚ್ಚಿ ಮಡಚಿ ಟ್ರಂಕಿಗೆ ಹಾಕಿದ. "ವಾಪಸ್ ತಗೊಂಡೆ," ಎಂದಷ್ಟೇ ಹೇಳಿ ಕಟ್ಟೆಗೆ ಬಂದು ಕುಳಿತ. ಪ್ರೇಮಲಾ ಚಹಾ ಕೊಟ್ಟಳು. ಹತ್ತೊಂಬತ್ತು ವರ್ಷದಿಂದ ಬೇಡಿಕೊಂಡದ್ದು ಕೈಗೆ ಬಂದಿತ್ತು, ಆದರೆ ಅವಳಿಗೆ ಒಂದು ಚೂರೂ ಖುಷಿಯಾಗಲಿಲ್ಲ. ಒಂದೇ ಮಧ್ಯಾಹ್ನದಲ್ಲಿ ಗಂಡ ಮುದುಕನಾಗಿ ಕಂಡ.

ಅಷ್ಟು ಹೊತ್ತಿಗೆ ಕೋಲು ಊರಿಕೊಂಡು ಎಲ್ಲಮ್ಮ ಬಂದಳು.

"ಧನರಾಜಾ, ಪೋಸ್ಟ್ ಆಫೀಸ್‌ದಾಗ ಆ ಮಿಷನ್ ನನ್ನ ಬೆರಳು ಹಿಡೀವಲ್ದು ನೋಡಪಾ. ಎರಡು ತಿಂಗಳಾತು, ಪೆನ್ಶನ್ ಇಲ್ಲ. ನಾಳೆ ನೀ ಬರ್ತಿ?"

ಧನರಾಜ ಅವಳತ್ತ ತಿರುಗಿದ. ಪ್ರೇಮಲಾ ಮಿಷನ್ ತುಳಿಯುವುದನ್ನು ನಿಲ್ಲಿಸಿದಳು.

"ಎಲ್ಲಮ್ಮಾ, ಖರೇ ಹೇಳು. ಆ ಕತ್ತರಿ ಇಲೆಕ್ಷನ್‌ದಾಗ ನೀ ಯಾರಿಗಿ ಹಾಕಿದ್ದಿ?"

ಎಲ್ಲಮ್ಮ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. "ಈಗ ಕೇಳ್ತಿಯಲ್ಲೋ! ಉಂಗುರಕ್ಕ ಹಾಕಿದ್ದೆಪಾ. ಸೂರ್ಯಕಾಂತ ಹಸರು ಸೀರಿ ಕೊಟ್ಟಿದ್ದ. ನೀ ಬೂದಿ, ಬೂದಿ ಅಂತ ಮನಿಗಿ ಬರ್ತಿದ್ದಿ. ಹೆಂಗ ಹೇಳ್ಲಿ ಅಂತ ಸುಮ್ಮ ಇದ್ದೆ." ಆಮೇಲೆ ಯಾವ ಅಳುಕೂ ಇಲ್ಲದೆ ಕೇಳಿದಳು. "ನಾಳೆ ಎಷ್ಟಕ್ಕ ಬರ್ಲಿ?"

ಈಗ ಇವನು ಇಲ್ಲ ಅನ್ನುತ್ತಾನೆ ಎಂದು ಪ್ರೇಮಲಾಗೆ ಅನ್ನಿಸಿತು. ಅಂದರೆ ತಪ್ಪಿಲ್ಲ. ಅವನು ಇಲ್ಲ ಅಂದರೆ ತಾನೇ ಕರೆದುಕೊಂಡು ಹೋಗಬೇಕು ಎಂದೂ ಅಂದುಕೊಂಡಳು, ಯಾಕೆಂದರೆ ಅವನ ಆ ನಂಬಿಕೆ ಕೆಡಿಸಿದವಳು ತಾನೇ.

ಧನರಾಜ ಚಹಾದ ಕಪ್ಪು ಕೆಳಗಿಟ್ಟ.

"ಎಂಟಕ್ಕ ಬಾ," ಎಂದ. "ಬೆರಳು ಛೊಲೋ ತೊಳ್ಕೊಂಡು ಬಾ. ಏನರ ಹತ್ತಿತ್ತಂದ್ರ ಹಿಡ್ಯಾಂಗಿಲ್ಲ."

ಎಲ್ಲಮ್ಮ ಹೋದಳು. ಧನರಾಜ ಈ ಕಡೆ ತಿರುಗದೆಯೇ ಹೆಂಡತಿಯನ್ನು ಮಾತಾಡಿಸಿದ.

"ನಿನಗೂ ಹೇಳಾಕತ್ತೀನಿ. ಓಟಿನ ದಿನ ಸೆರಗು ಝಾಡಿಸ್ಕೊಂಡು ಹೋಗು."

ಪ್ರೇಮಲಾ ಕತ್ತರಿಯನ್ನು ಬಟ್ಟೆಯ ಮೇಲಿಟ್ಟಳು.

"ಹೋಗಿ ಯಾರಿಗಿ ಹಾಕ್ಲಿರಿ ಇನ್ನ?"

ಬೆಳಿಗ್ಗೆ ಅವನೇ ಕೇಳಿದ್ದ ಪ್ರಶ್ನೆ ಅದು. ಧನರಾಜ ತಿರುಗಿ ಅವಳ ಮುಖ ನೋಡಿದ. ಆರು ಚುನಾವಣೆಗಳಲ್ಲಿ ಅವನು ಒಮ್ಮೆಯೂ ಅವಳ ಓಟು ಕೇಳಿರಲಿಲ್ಲ. ಈಗ ಕೇಳೋಣವೆಂದರೆ ಅವನಿಗೆ ಗುರುತೇ ಇರಲಿಲ್ಲ.