ಎರಡೂ ಕಡೆ ಕೆಂಪು

ಜೋರಾಪುರ ಪೇಟೆಯಲ್ಲಿ ಮೂವತ್ತು ವರ್ಷ ಬಟ್ಟೆ ಅಂಗಡಿ ನಡೆಸಿದವನಿಗೆ ಸುಲಭವಾಗಿ ಯಾರೂ ಟೋಪಿ ಹಾಕಲಾರರು. ಬಟ್ಟೆಯ ಥಾನಿನ ಅಂಚು ಮುಟ್ಟಿದರೆ ಸಾಕು, ಮಾಲು ಎಂಥದೆಂದು ಈ ಸಂಗನಬಸವ ಹೇಳುತ್ತಾನೆ. ಅಂಥವನ ಕೈಗೆ ಆಟ ಕಲಿಸುವ ಅಬ್ದುಲಸಮದ ಮಾಸ್ತರರು ನನ್ನ ಮಗಳು ಐಶ್ವರ್ಯಳ ಹೊಸ ಟೇಬಲ್ ಟೆನಿಸ್ ಬ್ಯಾಟು ಕೊಟ್ಟರು. ಒಂದು ಬದಿ ಕೆಂಪು, ನುಣ್ಣಗೆ. ಇನ್ನೊಂದು ಬದಿ ಕಪ್ಪು, ಮೈತುಂಬ ಸಣ್ಣ ಸಣ್ಣ ಗುಳ್ಳೆ.

“ಎರಡು ಥರದ ರಬ್ಬರ್ ಯಾಕ ಹಚ್ಚೀರಿ ಮಾಸ್ತರ?”

“ಒಂದು ಹೊಡ್ಯಾಕ, ಒಂದು ತಡ್ಯಾಕ್ರಿ ಸಾವಕಾರ್ರ. ಕಟ್ಟಿಗಿನೂ ನೋಡ್ರಿ, ಐದು ಪದರಿಂದು. ಭಾಳ ಜೋರಿಲ್ಲ, ಆದ್ರ ಹೇಳಿದಂಗ ಕೇಳತೈತಿ.”

ಜೋರಿಲ್ಲದ ಕಟ್ಟಿಗೆ ನನ್ನ ಮಗಳಿಗೇ ಯಾಕೆ? ಮಾಸ್ತರರ ತಂಗಿಯ ಮಗಳು ಇರ್ಫಾನಾ ಕೂಡ ಅವರ ಆಟದ ಹಾಲ್‌ನಲ್ಲೇ ಆಡುತ್ತಾಳೆ. ಭಾನುವಾರ ತಿಕೋಟಾದಲ್ಲಿ ಜಿಲ್ಲಾ ತಂಡದ ಆಯ್ಕೆ, ತಂಡದಲ್ಲಿ ಉಳಿದಿರುವುದು ಒಂದೇ ಜಾಗ. ಮುಂದಿನ ವರ್ಷ ಐಶ್ವರ್ಯಳ ವಯಸ್ಸು ದಾಟಿಬಿಡುತ್ತದೆ, ಅವಳಿಗೆ ಇದೇ ಕಡೆಯ ಅವಕಾಶ. ಇಷ್ಟೆಲ್ಲ ಗೊತ್ತಿದ್ದೂ ನನ್ನ ಕಿವಿಗೆ ಹೂವಿಡಲು ಬಂದರಲ್ಲ ಎಂದು ಮೈ ಉರಿಯಿತು.

ನಮ್ಮ ದಂಧೆಯಲ್ಲಿ ಒಂದೇ ಅಂಗಿಯ ಎರಡು ತೋಳಿಗೆ ಎರಡು ಥಾನಿನ ಬಟ್ಟೆ ಬಂದರೆ ಅದು ಉಳಿದ ತುಂಡು ಎಂದೇ ಅರ್ಥ. ಮಿಕ್ಕ ಮಾಲನ್ನು ಗಿರಾಕಿಯ ತಲೆಗೆ ಕಟ್ಟುವುದು ನನಗೇನು ಹೊಸದಲ್ಲ, ನಾನೂ ಕಟ್ಟಿದ್ದೇನೆ. ಮಾಸ್ತರರಿಗೆ ನಗುನಗುತ್ತ ಕೈಮುಗಿದು, ನೇರವಾಗಿ ಒಂದು ಆಟದ ಸಾಮಾನಿನ ಅಂಗಡಿಗೆ ಹೋದೆ.

“ಈ ಗುಳ್ಳಿದು ಕಿತ್ತು ಎರಡೂ ಕಡೆ ಒಂದ ನಮೂನಿ ನುಣುಪಿಂದು ಹಚ್ಚು. ದಪ್ಪ ಇರಲಿ.”

“ಒಂದ ನಮೂನಿ ಅಂದ್ರ ಎರಡೂ ಕೆಂಪ ಅದಾವ್ರಿ. ಬಣ್ಣ ಬ್ಯಾರೆ ಬೇಕಲ್ರಿ? ತೆಳ್ಳಂದು ಒಂದು ಕಪ್ಪು ಐತಿ, ಕೊಡ್ಲೇನ್ರಿ?”

ಕಪ್ಪು ಖರ್ಚಾಗದೆ ಕೂತಿದೆ, ಸಾಗಿಸಲು ನೋಡುತ್ತಿದ್ದಾನೆ ಎಂದು ಅವನ ಮುಖದಲ್ಲೇ ಓದಿಕೊಂಡೆ. ಅವಳ ಹಳೆಯ ಬ್ಯಾಟಿಗೂ ಎರಡು ಬಣ್ಣ ಇದ್ದದ್ದು ನಿಜ. ಚಾದರದ ಎರಡು ಮಗ್ಗುಲಿನ ಹಾಗೆ ಬರೀ ಚಂದಕ್ಕೆ ಎಂದುಕೊಂಡಿದ್ದೆ. ಎರಡೂ ಕೆಂಪೇ ಹಚ್ಚಿಸಿದೆ. ಅವನು ಅಂಟು ಹಚ್ಚುವ ತನಕ ಕಣ್ಣು ಕೀಳದೆ ನೋಡುತ್ತ ನಿಂತೆ.

ಆ ವಾರ ಐಶ್ವರ್ಯಳಿಗೆ ಪರೀಕ್ಷೆ, ಆಟಕ್ಕೆ ರಜೆ. ಮಾಸ್ತರರು ಬಂದು ಮತ್ತೆ ಬದಲಿಸಿಬಿಟ್ಟರೆ? ಬ್ಯಾಟನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಶನಿವಾರ ಮಗಳು, “ಯಪ್ಪಾ, ಒಂದ್ಸಲ ಕೈಯಾಗ ಹಿಡಿದು ನೋಡತೀನಿ ಕೊಡು” ಎಂದಳು. “ಭದ್ರ ಐತವ್ವ, ನೀ ಓದು” ಎಂದೆ.

ತಿಕೋಟಾದಲ್ಲಿ ಆಟಕ್ಕೆ ಕರೆದಾಗಲೇ ಚೀಲ ಬಿಚ್ಚಿ ಬ್ಯಾಟು ಕೊಟ್ಟದ್ದು. ಐಶ್ವರ್ಯ ಅದನ್ನು ಒಮ್ಮೆ ತಿರುಗಿಸಿ ನೋಡಿದಳು, ಮತ್ತೆ ತಿರುಗಿಸಿದಳು. ಅಷ್ಟರಲ್ಲಿ ಅಂಪೈರ್ ಮೇಡಂ ಬ್ಯಾಟನ್ನು ಕೈಗೆ ತೆಗೆದುಕೊಂಡರು.

“ಇದರಾಗ ಆಡಾಕ ಬರಂಗಿಲ್ಲ. ಒಂದು ಕಡೆ ಕಪ್ಪು ಇರಲೇಬೇಕು. ಯಾವ ಕಡಿಂದ ಹೊಡದ್ರಿ ಅಂತ ಎದುರಿನವ್ರಿಗೆ ಗೊತ್ತಾಗಬೇಕಲ್ಲ? ಬ್ಯಾರೆ ಬ್ಯಾಟ್ ತರ್ರಿ.”

ಬೇರೆ ಬ್ಯಾಟು ತಂದಿರಲಿಲ್ಲ, ಹಳೆಯದು ಮನೆಯಲ್ಲೇ ಇತ್ತು. ಆಗಲೇ ಸೋತು ಕೂತಿದ್ದ ಮಮದಾಪುರದ ಹುಡುಗಿಯೊಬ್ಬಳಿಂದ ಎರವಲು ಪಡೆದು ಆಡಿದಳು. ಅದರಲ್ಲಿ ಗುಳ್ಳೆಯ ಬದಿ ಇರಲಿಲ್ಲ. ಎಡಗಡೆ ಬಿದ್ದ ಚೆಂಡೆಲ್ಲ ಟೇಬಲ್ ದಾಟಿ ಹಾರಿದವು. ಮೂರೂ ಗೇಮು ಸೋಲಲು ಇಪ್ಪತ್ತು ನಿಮಿಷವೂ ಹಿಡಿಯಲಿಲ್ಲ, ತಂಡದ ಆ ಒಂದು ಜಾಗವೂ ಕೈತಪ್ಪಿತು.

ನಾನು ಅಲ್ಲೇ ಇದ್ದ ಸಮದ ಮಾಸ್ತರರ ಮೇಲೆ ಏರಿ ಹೋದೆ. “ಬಣ್ಣದ ಕಾಯದೆ ಐತಿ ಅಂತ ಮೊದಲ ಹೇಳಾಕ ಏನಾಗಿತ್ರಿ? ಆ ಗುಳ್ಳಿ ರಬ್ಬರ್ ಹಚ್ಚಲಿಲ್ಲಂದ್ರ ನಾ ಯಾಕ ಕೀಳಸ್ತಿದ್ದೆ?”

ಮಾಸ್ತರರು ಸಿಟ್ಟಾಗಲಿಲ್ಲ. “ಗುಳ್ಳಿದು ಬ್ಯಾಡ ಅಂತ ನಾನೂ ಹೇಳಿದ್ನಿರಿ. ನಿಮ್ಮ ಮಗಳು ಕೇಳಲಿಲ್ಲ. ಎಡಗಡಿ ಬರೋ ಸರ್ವಿಸ್ ತಡ್ಯಾಕ ಅದ ಬೇಕಂದ್ಲು. ಹಾಲ್‌ನ್ಯಾಗಿನ ಹಳೇ ಬ್ಯಾಟಿನ್ಯಾಗ ಆರು ತಿಂಗಳ ಕಲತಾಳ. ಹೋದ ತಿಂಗಳ ಇರ್ಫಾನಾನ್ನೂ ಸೋಲಿಸ್ಯಾಳ. ಕಟ್ಟಿಗಿ, ರಬ್ಬರ್ ಎಲ್ಲಾ ಆರಿಸಿದಾಕಿ ಆಕೀನ. ನಾ ಬರೇ ಅಂಟು ಹಚ್ಚೀನ್ರಿ.”

ಎರಡೂ ಕಡೆ ಕೆಂಪಾದ ಬ್ಯಾಟನ್ನು ಚೀಲಕ್ಕೆ ಹಾಕಿಕೊಂಡೆ.

ಮಗಳನ್ನು ಹಿಂದೆ ಕೂರಿಸಿಕೊಂಡು ಬೈಕಿನಲ್ಲಿ ಊರಿಗೆ ಹೊರಟೆ. ಇಟ್ಟಂಗಿಹಾಳ ದಾಟಿದ ಮೇಲೆ, “ನೀನ ಆರಿಸೀದಿ ಅಂತ ನನಗ ಹೇಳಬೇಕಿಲ್ಲೇನವ್ವಾ?” ಎಂದೆ.

“ಮಾಸ್ತರನ್ನ ಕೇಳಿದಿ, ಅಂಗಡಿಯಂವನ್ನ ಕೇಳಿದಿ. ನನ್ನ ಕೇಳಿದ್ರ ಹೇಳತಿದ್ದೆ.”

ಈ ಊರಿನಲ್ಲಿ ನಾನು ಅನುಮಾನಿಸದೆ ಬಿಟ್ಟ ಮನುಷ್ಯರಿಲ್ಲ. ನನ್ನ ಮಗಳಿಗೆ ತನ್ನ ಬ್ಯಾಟು ತಾನೇ ಆರಿಸಲು ಬರಬಹುದು ಎಂಬ ಅನುಮಾನ ಮಾತ್ರ ಒಂದು ದಿನವೂ ಬಂದಿರಲಿಲ್ಲ. ನಾಚಿಕೆಯಾಯಿತು. ಗಾಡಿ ಬದಿಗೆ ನಿಲ್ಲಿಸಿದೆ.

“ತಪ್ಪಾತವ್ವ” ಎಂದೆ.

ಅವಳು, “ಕಪಾಟಿನ ಕೀಲಿ ಕೊಡು” ಎಂದು ಕೈ ಚಾಚಿದಳು.